ಹೆಸರು ಕೇಳಬೇಕೋ, ಕೆಲಸ ಕೇಳಬೇಕೋ: ಗಂಜ್‌ನ ಕಾಟಾದಿಂದ ಡಕ್ ಟೈಪಿಂಗ್‌ವರೆಗೆ

ರಾಯಚೂರಿನ ಕೃಷಿ ಮಾರುಕಟ್ಟೆಯಾದ ರಾಜೇಂದ್ರ ಗಂಜ್‌ಗೆ ನೆಲ್ಲು ತಂದ ರೈತ ಒಂದೇ ದಿನದಲ್ಲಿ ಎರಡು ಬಗೆಯ ಪ್ರಶ್ನೆ ಕೇಳುತ್ತಾನೆ. (ಭತ್ತಕ್ಕೆ ನಮ್ಮ ಕಡೆ ನೆಲ್ಲು ಅನ್ನುತ್ತೇವೆ.) ಮಾಲು ಕೊಳ್ಳುವವರ ಬಗ್ಗೆ ಕೇಳುವುದು, ‘ಇವರಿಗೆ ಲೈಸೆನ್ಸ್ ಐತೇನ್ರಿ?’ ಮಾಲು ಹೊರುವ ಗಾಡಿಯ ಬಗ್ಗೆ ಕೇಳುವುದು, ‘ಎಷ್ಟು ಚೀಲ ಹಿಡೀತದ್ರಿ?’ ಮೊದಲ ಪ್ರಶ್ನೆಗೆ ಉತ್ತರ ಕಾಗದದಲ್ಲಿದೆ. ಎಪಿಎಂಸಿ ದಾಖಲೆಯಲ್ಲಿ ಹೆಸರಿಲ್ಲದಿದ್ದರೆ ಆಸಾಮಿ ಎಷ್ಟೇ ದುಡ್ಡಿನವನಾಗಿದ್ದರೂ ಅಲ್ಲಿ ಖರೀದಿದಾರ ಅನ್ನಿಸಿಕೊಳ್ಳುವುದಿಲ್ಲ. ಎರಡನೆಯದಕ್ಕೆ ಕಾಗದ ಯಾರೂ ನೋಡುವುದಿಲ್ಲ. ಟ್ರ್ಯಾಕ್ಟರ್ ಟ್ರೇಲರ್ ಇರಲಿ, ಟಂಟಂ ಇರಲಿ, ಎತ್ತಿನ ಬಂಡಿಯೇ ಇರಲಿ, ಚೀಲ ಹಿಡಿಸಬೇಕು, ಮಿಲ್ಲಿನ ತನಕ ಮುಟ್ಟಬೇಕು.

ಪ್ರೋಗ್ರಾಮಿಂಗ್ ಭಾಷೆಗಳೂ ಈ ಎರಡು ಪ್ರಶ್ನೆಗಳ ಮೇಲೆಯೇ ಬೇರೆ ಬೇರೆ ದಾರಿ ಹಿಡಿದಿವೆ. ಒಂದು ವಸ್ತುವನ್ನು ಇನ್ನೊಂದರ ಜಾಗದಲ್ಲಿ ಬಳಸಬಹುದೇ ಎಂದು ತೀರ್ಮಾನಿಸುವಾಗ ಜಾವಾ, ಸಿ ಶಾರ್ಪ್ ಮುಂತಾದವು ಹೆಸರು ಕೇಳುತ್ತವೆ. ‘ನಾನು ಇಂಥ ಇಂಟರ್‌ಫೇಸ್‌ಗೆ ಸೇರಿದವನು’ ಎಂದು ಕ್ಲಾಸ್ ತಾನೇ ಬರೆದು ಹೇಳಿರಬೇಕು. (ಕ್ಲಾಸ್ ಅಂದರೆ ಒಂದು ಬಗೆಯ ವಸ್ತುವನ್ನು ಮಾಡುವ ಅಚ್ಚು. ಅದಕ್ಕೆ ಬರುವ ಒಂದೊಂದು ಕೆಲಸ ಒಂದೊಂದು ಮೆಥಡ್, ಇರಬೇಕಾದ ಮೆಥಡ್‌ಗಳ ಯಾದಿ ಇಂಟರ್‌ಫೇಸ್, ವಸ್ತುವಿನ ಬಗೆಯೇ ಟೈಪ್.) ಇದಕ್ಕೆ ನಾಮಿನಲ್ ಟೈಪಿಂಗ್ ಎಂದು ಹೆಸರು. ಗೋ, ಟೈಪ್‌ಸ್ಕ್ರಿಪ್ಟ್ ಥರದವು ವಸ್ತು ಮಾಡುವ ಕೆಲಸ ಏನೆಂದು ನೋಡುತ್ತವೆ. ಬೇಕಾದ ಮೆಥಡ್‌ಗಳು ಇದ್ದರೆ, ಅವುಗಳ ಆಕಾರ ಹೊಂದಿದರೆ ಸಾಕು. ಇದು ಸ್ಟ್ರಕ್ಚರಲ್ ಟೈಪಿಂಗ್. ಪೈಥಾನ್, ರೂಬಿ ಭಾಷೆಗಳ ಡಕ್ ಟೈಪಿಂಗ್ ಇದರ ಸೋದರ ಸಂಬಂಧಿ. ಇವೆರಡನ್ನು ಒಂದೇ ಎಂದು ತಿಳಿದವರು ಬಹಳ ಜನ. ನಾನೂ ಹಾಗೆಯೇ ತಿಳಿದಿದ್ದೆ. ವ್ಯತ್ಯಾಸ ತಿಳಿದಿದ್ದು ಒಂದು ಕಾಟಾದಿಂದ, ಅಂದರೆ ತೂಕದ ಯಂತ್ರದಿಂದ.

ದಲಾಲಿ ಅಂಗಡಿಗಳಿಗೆ, ರೈಸ್ ಮಿಲ್‌ಗಳಿಗೆ ಲೆಕ್ಕದ ಪ್ರೋಗ್ರಾಮ್ ಬರೆದುಕೊಡುವುದು ನನ್ನ ಕೆಲಸ. ಎಲೆಕ್ಟ್ರಾನಿಕ್ ಕಾಟಾದ ಹಿಂದೆ ಒಂದು ಸೀರಿಯಲ್ ಪೋರ್ಟ್ ಇರುತ್ತದೆ. ಅದಕ್ಕೆ ವೈರ್ ಹಾಕಿ ಕಂಪ್ಯೂಟರಿಗೆ ಜೋಡಿಸಿದರೆ ತೂಕ ಒಂದು ಸಾಲಿನ ಅಕ್ಷರಗಳಾಗಿ ಬರುತ್ತಾ ಇರುತ್ತದೆ. ಒಂದು ಕಂಪನಿಯದು ಸಂಖ್ಯೆಯ ಮುಂದೆ ಅಧಿಕ ಚಿಹ್ನೆ ಹಾಕುತ್ತದೆ, ಇನ್ನೊಂದರದು ಹಿಂದೆ ‘ಕೆಜಿ’ ಅಂಟಿಸುತ್ತದೆ, ಮತ್ತೊಂದರದು ಎಡಗಡೆ ಸೊನ್ನೆಗಳನ್ನು ತುಂಬುತ್ತದೆ. ಹೀಗಾಗಿ ಪ್ರತಿ ಕಾಟಾಕ್ಕೂ ಒಂದೊಂದು ಕ್ಲಾಸ್ ಬರೆದೆ. ಒಳಗಿನ ರಗಳೆ ಏನೇ ಇದ್ದರೂ ಹೊರಗೆ ಎಲ್ಲಕ್ಕೂ ‘ತೂಕ’ ಎಂಬ ಒಂದು ಮೆಥಡ್. ಪಟ್ಟಿ (ಮಾರಾಟದ ಬಿಲ್ಲು) ಮಾಡುವ ಭಾಗ ಅದನ್ನು ಕರೆದು, ಬಂದ ಸಂಖ್ಯೆಯನ್ನು ದರದಿಂದ ಗುಣಿಸುತ್ತಿತ್ತು. ಬರೆದದ್ದು ಪೈಥಾನ್‌ನಲ್ಲಿ. (ಪೈಥಾನ್ 3ರಲ್ಲಿ ಮೆಥಡ್‌ಗೆ ಕನ್ನಡದಲ್ಲೇ ‘ತೂಕ’ ಎಂದು ಹೆಸರಿಡಬಹುದು. ಗೋ ಭಾಷೆಯಲ್ಲಿ ಆಗುವುದಿಲ್ಲ. ಅದರ ನಿಯಮದ ಪ್ರಕಾರ ಹೆಸರಿನಲ್ಲಿ ಮೂಲಾಕ್ಷರಗಳಿಗೆ ಜಾಗವಿದೆ, ಕೊಂಬು ದೀರ್ಘಗಳಂಥ ಕಾಗುಣಿತದ ಗುರುತುಗಳಿಗೆ ಇಲ್ಲ. ಹೊಸ ಭಾಷೆಯೊಂದು ಅಕ್ಷರ ಎಂದರೇನು ಎಂದು ತೀರ್ಮಾನಿಸುವಾಗ ನಮ್ಮ ಲಿಪಿಗಳನ್ನು ನೆನೆಯದಿದ್ದದ್ದು ನನಗೆ ನಿಜಕ್ಕೂ ಬೇಸರದ ಸಂಗತಿ.)

ಬಾತುಕೋಳಿಯಂತೆ ನಡೆದು ಬಾತುಕೋಳಿಯಂತೆ ಕೂಗುವುದನ್ನು ಬಾತುಕೋಳಿ ಎಂದೇ ತಿಳಿ ಎಂಬುದು ಇಂಗ್ಲಿಷಿನ ಹಳೆಯ ಮಾತು. ‘ಡಕ್ ಟೈಪಿಂಗ್’ ಹೆಸರು ಬಂದಿರುವುದು ಅಲ್ಲಿಂದ. 2000ರಲ್ಲಿ ಪ್ರೋಗ್ರಾಮರ್ ಅಲೆಕ್ಸ್ ಮಾರ್ಟೆಲ್ಲಿ ಪೈಥಾನ್ ಬಳಸುವವರ ನಡುವೆ ಈ ವಿಷಯ ಬಿಡಿಸಿ ಹೇಳಿದ್ದರು: ವಸ್ತು ಬಾತುಕೋಳಿ ಹೌದೋ ಅಲ್ಲವೋ ಎಂದು ಪರೀಕ್ಷಿಸಬೇಡಿ, ನಿಮಗೆ ಬೇಕಾದ ಹಾಗೆ ಕೂಗುತ್ತದೆಯೇ ನೋಡಿ ಎಂಬ ಅರ್ಥದಲ್ಲಿ. ಪೈಥಾನ್ ನಡೆಯುವುದೇ ಹಾಗೆ. ನನ್ನ ಪ್ರೋಗ್ರಾಮ್ ‘ತೂಕ’ ಎಂದು ಕೂಗಿದಾಗ ಆ ಕ್ಷಣದಲ್ಲಿ ಎದುರಿಗಿರುವ ವಸ್ತುವಿನಲ್ಲಿ (ಆಬ್ಜೆಕ್ಟ್) ಆ ಹೆಸರಿನ ಮೆಥಡ್ ಹುಡುಕುತ್ತದೆ. ಸಿಕ್ಕರೆ ನಡೆಸುತ್ತದೆ, ಸಿಗದಿದ್ದರೆ ಅಲ್ಲೇ ನಿಲ್ಲುತ್ತದೆ.

‘ಆ ಕ್ಷಣದಲ್ಲಿ’ ಎಂಬುದು ಇಲ್ಲಿ ಮುಖ್ಯ. ನನ್ನ ಪ್ರೋಗ್ರಾಮಿನಲ್ಲಿ ‘ಸೊನ್ನೆ ಮಾಡು’ ಎಂಬ ಇನ್ನೊಂದು ಕೆಲಸವೂ ಇತ್ತು. ಖಾಲಿ ಕಾಟಾ ಸೊನ್ನೆ ತೋರಿಸದಿದ್ದರೆ ಮಾತ್ರ ಅದನ್ನು ಕರೆಯಬೇಕು. ಮೂರನೆಯ ಕಾಟಾದ ಕ್ಲಾಸ್ ಬರೆಯುವಾಗ ಆ ಮೆಥಡ್ ಬಿಟ್ಟುಹೋಗಿತ್ತು. ನಾಲ್ಕು ವಾರ ಏನೂ ಆಗಲಿಲ್ಲ, ಯಾಕೆಂದರೆ ಆ ಸಾಲಿನ ಹತ್ತಿರ ಪ್ರೋಗ್ರಾಮ್ ಹೋಗಲೇ ಇಲ್ಲ. ಕಾಟಾದ ಮೇಲೆ ಹೊಟ್ಟು, ಧೂಳು ಕೂತು ಖಾಲಿ ಇದ್ದಾಗಲೂ ಮುನ್ನೂರು ಗ್ರಾಂ ತೋರಿಸಿದ ದಿನ ಪ್ರೋಗ್ರಾಮ್ ನಿಂತಿತು. ಹೊರಗೆ ಟ್ರ್ಯಾಕ್ಟರ್ ಸಾಲು, ಒಳಗೆ ಚೀಲ ಹೊತ್ತು ನಿಂತ ಹಮಾಲರು. ಡಕ್ ಟೈಪಿಂಗ್ ಕೊಡುವ ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆ ಇದು: ತಪ್ಪು ಅಡಗಿರುವ ಸಾಲು ಓಡುವ ತನಕ ಅದು ಇದೆಯೆಂದೇ ತಿಳಿಯುವುದಿಲ್ಲ.

ಸ್ಟ್ರಕ್ಚರಲ್ ಟೈಪಿಂಗ್ ಕೇಳುವುದೂ ಇದೇ ಪ್ರಶ್ನೆ, ಆದರೆ ಗೇಟಿನಲ್ಲೇ. ಪ್ರೋಗ್ರಾಮ್ ಓಡುವ ಮುಂಚೆ ಕಂಪೈಲರ್ (ಬರೆದ ಕೋಡನ್ನು ಓಡುವ ರೂಪಕ್ಕೆ ತರುವ ಪ್ರೋಗ್ರಾಮ್) ಎರಡು ಯಾದಿ ಹಿಡಿದು ಕೂರುತ್ತದೆ. ಒಂದು, ಪಟ್ಟಿ ಮಾಡುವ ಭಾಗಕ್ಕೆ ಕಾಟಾದಿಂದ ಬೇಕಾದದ್ದು: ‘ತೂಕ’ ಕೇಳಿದರೆ ಸಂಖ್ಯೆ ಕೊಡಬೇಕು, ‘ಸೊನ್ನೆ ಮಾಡು’ ಎಂಬ ಕೆಲಸ ಇರಬೇಕು. ಇನ್ನೊಂದು, ನಾನು ಕೊಟ್ಟ ಕ್ಲಾಸ್‌ನಲ್ಲಿ ಇರುವುದು. ಬೇಕಾದದ್ದೆಲ್ಲ ಇರುವುದರ ಯಾದಿಯಲ್ಲಿ ಸಿಕ್ಕರೆ ಒಳಗೆ ಬಿಡುತ್ತದೆ. ಒಂದು ಕಡಿಮೆಯಾದರೂ ಇಂಥದ್ದು ಇಲ್ಲ ಎಂದು ಹೆಸರು ಹೇಳಿ ಹೊರಗೇ ನಿಲ್ಲಿಸುತ್ತದೆ. ನನ್ನ ಮೂರನೆಯ ಕಾಟಾ ಗಂಜ್ ಮುಟ್ಟುವ ಮುಂಚೆ, ನನ್ನ ಮೇಜಿನ ಮೇಲೆಯೇ ಸಿಕ್ಕಿಬೀಳುತ್ತಿತ್ತು.

ಇದು ಹೊಸ ಕಲ್ಪನೆಯೇನಲ್ಲ. ಕಂಪ್ಯೂಟರ್ ವಿಜ್ಞಾನಿ ಲೂಕಾ ಕಾರ್ಡೆಲ್ಲಿ 1984ರಲ್ಲೇ ರೆಕಾರ್ಡ್‌ಗಳ (ಹೆಸರಿಟ್ಟ ಮಾಹಿತಿಯ ಕಟ್ಟುಗಳ) ಆಕಾರದ ಮೇಲೆ ಸಬ್‌ಟೈಪಿಂಗ್ (ಒಂದು ಟೈಪ್ ಇನ್ನೊಂದರ ಜಾಗದಲ್ಲಿ ನಿಲ್ಲುವುದು) ಹೇಗೆ ಕಟ್ಟಬಹುದೆಂದು ಬರೆದಿದ್ದರು. ಓಕ್ಯಾಮಲ್ ಭಾಷೆಯ ಆಬ್ಜೆಕ್ಟ್‌ಗಳು 1996ರಿಂದ ಹೀಗೆಯೇ ಇವೆ. ಸಾಮಾನ್ಯ ಪ್ರೋಗ್ರಾಮರ್‌ನ ದಿನದ ಕೆಲಸಕ್ಕೆ ಇದು ಇಳಿದದ್ದು 2009ರಲ್ಲಿ ಗೂಗಲ್ ಹೊರತಂದ ಗೋ ಮತ್ತು 2012ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಟೈಪ್‌ಸ್ಕ್ರಿಪ್ಟ್ ಮೂಲಕ. ಪೈಥಾನ್‌ಗೆ 2019ರಲ್ಲಿ, 3.8ನೇ ಆವೃತ್ತಿಯಲ್ಲಿ, ‘ಪ್ರೋಟೋಕಾಲ್’ ಎಂಬ ಸೌಲಭ್ಯ ಬಂತು. ಬೇಕಾದ ಮೆಥಡ್‌ಗಳ ಪಟ್ಟಿಯನ್ನು ಪ್ರೋಟೋಕಾಲ್ ಆಗಿ ಬರೆದಿಟ್ಟರೆ ಮೈಪೈ ಎಂಬ ಪರಿಶೀಲಕ ಓಡಿಸುವ ಮುಂಚೆಯೇ ತಾಳೆ ನೋಡುತ್ತದೆ. ಡಕ್ ಟೈಪಿಂಗ್‌ನ ಸಲುಗೆ ಹಾಗೇ ಉಳಿಯಿತು, ಗೇಟಿನ ತಪಾಸಣೆ ಮೇಲಿನಿಂದ ಸೇರಿತು. ಒಂದು ಎಚ್ಚರಿಕೆ: ಪೈಥಾನ್ ತಾನಾಗಿ ಈ ತಪಾಸಣೆ ಮಾಡುವುದಿಲ್ಲ. ಮೈಪೈ ಓಡಿಸದಿದ್ದರೆ ಪ್ರೋಟೋಕಾಲ್ ಬರೆದದ್ದು ಗೋಡೆಯ ಮೇಲಿನ ಬೋರ್ಡಿನಷ್ಟೇ.

ಇದರಿಂದ ಆಗುವ ದೊಡ್ಡ ಅನುಕೂಲ ಬೇರೆಯವರು ಬರೆದ ಕೋಡ್ ಬಳಸುವಾಗ ಗೊತ್ತಾಗುತ್ತದೆ. ಒಂದು ಕಾಟಾ ಕಂಪನಿಯವರೇ ತಮ್ಮ ಲೈಬ್ರರಿ (ಸಿದ್ಧ ಕೋಡ್) ಕೊಟ್ಟರು ಎಂದುಕೊಳ್ಳಿ. ಅದರಲ್ಲಿ ‘ತೂಕ’, ‘ಸೊನ್ನೆ ಮಾಡು’ ಎರಡೂ ಇವೆ. ಜಾವಾದಲ್ಲಾದರೆ ನನ್ನ ಇಂಟರ್‌ಫೇಸ್‌ನ ಹೆಸರು ಅವರ ಕ್ಲಾಸ್‌ನಲ್ಲಿ ಬರೆದಿರಬೇಕು. ಆ ಕಂಪನಿಯವರಿಗೆ ನಾನು ಯಾರೆಂದೇ ಗೊತ್ತಿಲ್ಲ, ನನ್ನ ಹೆಸರನ್ನು ಹೇಗೆ ಬರೆದಾರು? ನಡುವೆ ಅಡಾಪ್ಟರ್ ಎಂಬ ಇನ್ನೊಂದು ಕ್ಲಾಸ್ ಬರೆದು, ಇವನ ಮಾತು ಅವನಿಗೆ, ಅವನ ಮಾತು ಇವನಿಗೆ ಮುಟ್ಟಿಸಬೇಕು. ಗೋದಲ್ಲಿ ಆ ದಲಾಲಿಯೇ ಬೇಕಿಲ್ಲ. ನನಗೆ ಬೇಕಾದದ್ದನ್ನು ನಾನು ನನ್ನ ಕಡೆ ಬರೆದುಕೊಳ್ಳುತ್ತೇನೆ, ಹತ್ತು ವರ್ಷ ಹಿಂದೆ ಯಾರೋ ಬರೆದ ಟೈಪ್ ಹೊಂದಿದರೆ ಹೊಂದಿತು. ಗೋದ ‘ರೀಡರ್’ ಇಂಟರ್‌ಫೇಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿರುವುದು ‘ರೀಡ್’ (ಓದು) ಎಂಬ ಒಂದೇ ಮೆಥಡ್. ಡಿಸ್ಕಿನ ಫೈಲ್, ನೆಟ್‌ವರ್ಕ್ ಸಂಪರ್ಕ, ಮೆಮೊರಿಯಲ್ಲಿರುವ ಪಠ್ಯ, ಬಿಚ್ಚುತ್ತಿರುವ ಜಿಪ್ ಫೈಲ್ ಎಲ್ಲವೂ ಅದಕ್ಕೆ ಹೊಂದುತ್ತವೆ, ಯಾವುದೂ ತಾನು ರೀಡರ್ ಎಂದು ಎಲ್ಲೂ ಬರೆದು ಹೇಳಿಲ್ಲ. ಪರೀಕ್ಷೆ ಮಾಡುವಾಗಲೂ ಇದೇ ಸುಖ. ನಿಜವಾದ ಕಾಟಾ ಮೇಜಿನ ಮೇಲೆ ಇಟ್ಟುಕೊಳ್ಳಬೇಕಿಲ್ಲ, ಕೇಳಿದಾಗಲೆಲ್ಲ 75 ಎಂದು ಹೇಳುವ ಹುಸಿ ಕಾಟಾ ಸಾಕು.

ಇನ್ನು ‘ಆಕಾರ ಹೊಂದುವುದು’ ಎಂದರೆ ಏನು ಎಂಬುದು. ಹೆಚ್ಚಿನವರು ಎಡವುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನಿಸುತ್ತೇನೆ.

ಮೆಥಡ್ ಹೆಚ್ಚಿಗೆ ಇದ್ದರೆ ತಕರಾರಿಲ್ಲ ಎಂಬುದು ಸುಲಭದ ಭಾಗ. ಕಾಟಾಕ್ಕೆ ಚೀಟಿ ಮುದ್ರಿಸಲೂ ಬಂದರೆ ಬರಲಿ, ನಾನು ಕೇಳಿದ್ದು ಎರಡೇ. ಉತ್ತರದ ವಿಷಯವೂ ಕಷ್ಟವಿಲ್ಲ. ನೆಲ್ಲು ಕೊಡಬೇಕಾದ ಜಾಗದಲ್ಲಿ ಸೋನಾ ಮಸೂರಿ ನೆಲ್ಲು ಕೊಟ್ಟರೆ ಕೇಳಿದವರು ಬೇಡ ಅನ್ನುವುದಿಲ್ಲ. ಕೇಳಿದ್ದಕ್ಕಿಂತ ನಿರ್ದಿಷ್ಟವಾದದ್ದು ಸಿಕ್ಕಿದೆ, ಅಷ್ಟೇ. ಮೆಥಡ್ ಹಿಂತಿರುಗಿಸುವ ಉತ್ತರ ಹೀಗೆ ಸಬ್‌ಟೈಪ್ ಆಗಿರಬಹುದು.

ಮೆಥಡ್‌ಗೆ ನಾವು ಕೊಡುವ ವಸ್ತುವಿನ ವಿಷಯ ಬಂದಾಗ ದಿಕ್ಕು ತಿರುಗುತ್ತದೆ. ನನಗೆ ನೆಲ್ಲಿನ ಚೀಲ ಹೊರುವ ಒಬ್ಬರು ಬೇಕು. ‘ಸೋನಾ ಮಸೂರಿ ಚೀಲ ಆದ್ರ ಮಾತ್ರ ಹೊರ್ತೀನ್ರಿ’ ಎನ್ನುವವರು ಬಂದರೆ ನನ್ನ ಕೆಲಸ ಆಗುವುದಿಲ್ಲ, ಯಾಕೆಂದರೆ ನಾನು ಯಾವ ನೆಲ್ಲನ್ನಾದರೂ ಕೊಟ್ಟೇನು. ‘ನೆಲ್ಲಿರ್ಲಿ, ಹತ್ತಿ ಇರ್ಲಿ, ತೊಗರಿ ಇರ್ಲಿ, ಯಾವ ಚೀಲ ಆದ್ರೂ ಹೊರ್ತೀನ್ರಿ’ ಎನ್ನುವವರು ಬಂದರೆ ಧಾರಾಳವಾಗಿ ಆಗುತ್ತದೆ. ಅಂದರೆ ಕೊಡುವಾಗ ಕಿರಿದಾದರೂ ನಡೆಯುತ್ತದೆ, ತೆಗೆದುಕೊಳ್ಳುವಾಗ ಹಿರಿದಾದರೆ ನಡೆಯುತ್ತದೆ, ಕಿರಿದಾಗಬಾರದು. ಪುಸ್ತಕಗಳು ಮೊದಲನೆಯದನ್ನು ಕೋವೇರಿಯನ್ಸ್, ಎರಡನೆಯದನ್ನು ಕಾಂಟ್ರಾವೇರಿಯನ್ಸ್ ಎಂದು ಕರೆಯುತ್ತವೆ. (ಗೋ ಮಾತ್ರ ಈ ಸಲುಗೆ ಕೊಡುವುದಿಲ್ಲ, ಅಲ್ಲಿ ಮೆಥಡ್‌ನ ಟೈಪ್‌ಗಳು ಅವೇ ಇರಬೇಕು.) ಹೆಸರು ಮರೆತರೂ ಹಮಾಲರ ಲೆಕ್ಕ ನೆನಪಿದ್ದರೆ ದಾರಿ ತಪ್ಪುವುದಿಲ್ಲ.

ಕೊಡುವುದೂ ತೆಗೆದುಕೊಳ್ಳುವುದೂ ಒಂದೇ ಕಡೆ ನಡೆಯುವ ವಸ್ತು ಇದ್ದರೆ? ಗೋದಾಮು ಅಂಥದ್ದು. ಸೋನಾ ಮಸೂರಿ ಗೋದಾಮನ್ನು ‘ನೆಲ್ಲಿನ ಗೋದಾಮು’ ಎಂದು ಕರೆಯಬಹುದೇ? ಚೀಲ ಹೊರಗೆ ತೆಗೆಯುವವರಿಗೆ ಅಡ್ಡಿಯಿಲ್ಲ, ಅವರಿಗೆ ಸಿಗುವುದು ನೆಲ್ಲೇ. ಒಳಗೆ ಇಡುವವರು ಮಾತ್ರ ಬೋರ್ಡ್ ನೋಡಿ ಬೇರೆ ತಳಿಯ ಚೀಲ ತಂದು ಪೇರಿಸಿಬಿಡುತ್ತಾರೆ, ಮಾಲು ಬೆರಕೆಯಾಗುತ್ತದೆ. ಆದ್ದರಿಂದ ಬರೆಯಲು ಬರುವ ಸಂಗ್ರಹದಲ್ಲಿ ಟೈಪ್ ಎರಡೂ ದಿಕ್ಕಿನಲ್ಲಿ ಬಿಗಿಯಾಗಿರಬೇಕು. ಜಾವಾದ ಅರೇಗಳು (ಒಂದೇ ಬಗೆಯ ವಸ್ತುಗಳ ಸಾಲುಗಳು) ಮೊದಲಿನಿಂದಲೂ ಇಲ್ಲಿ ಸಡಿಲ, ಅಂಥ ಬೋರ್ಡ್ ಹಾಕಲು ಬಿಡುತ್ತವೆ. ಬೆರಕೆ ಚೀಲ ಇಡಲು ಹೋದಾಗ, ಪ್ರೋಗ್ರಾಮ್ ಓಡುತ್ತಿರುವಾಗ, ಎಕ್ಸೆಪ್ಶನ್ (ತಪ್ಪಿನ ಸೂಚನೆ) ಎಸೆದು ತಡೆಯುತ್ತವೆ. ಟೈಪ್‌ಸ್ಕ್ರಿಪ್ಟ್ ಕೊಟ್ಟಿರುವ ಸಡಿಲಿಕೆಗೆ ಆ ಕಾವಲೂ ಇಲ್ಲ, ಬೆರಕೆ ಸದ್ದಿಲ್ಲದೆ ಒಳಗೆ ಹೋಗುತ್ತದೆ. ಜಾವಾಸ್ಕ್ರಿಪ್ಟ್ ಬರೆಯುವವರ ರೂಢಿಗೆ ಹೊಂದಿಕೊಳ್ಳಲು ಅದರ ಕರ್ತೃಗಳು ತಿಳಿದೇ ಮಾಡಿಕೊಂಡ ರಾಜಿ ಅದು. ಅಲ್ಲಿ ಸಂಗ್ರಹವನ್ನು ಓದಲು ಮಾತ್ರ ಕೊಡುವುದಿದ್ದರೆ ಹಾಗೆಂದೇ ಗುರುತು ಮಾಡುವುದು ಒಳ್ಳೆಯದು ಎಂಬುದು ನನ್ನ ಅನುಭವ.

ಇಷ್ಟೆಲ್ಲ ತಾಳೆ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ‘ಬಿಡಿಸು’ ಎಂಬ ಕನ್ನಡದ ಮಾತನ್ನೇ ತೆಗೆದುಕೊಳ್ಳಿ. ಚಿತ್ರ ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ಹೊಲಕ್ಕೆ ಹೋಗಿ ಹತ್ತಿ ಬಿಡಿಸುತ್ತೇವೆ, ಜಗಳ ಬಿಡಿಸುತ್ತೇವೆ. ಏನನ್ನೂ ಕೇಳದ, ಏನನ್ನೂ ಹಿಂತಿರುಗಿಸದ ‘ಬಿಡಿಸು’ ಎಂಬ ಮೆಥಡ್ ನಾಲ್ಕು ಕ್ಲಾಸ್‌ಗಳಲ್ಲಿ ಇದ್ದರೆ ಸ್ಟ್ರಕ್ಚರಲ್ ಕಂಪೈಲರ್‌ಗೆ ನಾಲ್ಕೂ ಒಂದೇ. ಪರದೆಯ ಮೇಲಿನ ಚಿತ್ರಗಳನ್ನೆಲ್ಲ ಬಿಡಿಸುವ ಕೋಡ್‌ಗೆ ಹತ್ತಿ ಬಿಡಿಸುವ ಯಂತ್ರವನ್ನು ಕೊಟ್ಟರೂ ಅದು ಒಪ್ಪುತ್ತದೆ. ಆಕಾರ ಹೊಂದಿದೆ, ಅರ್ಥ ಹೊಂದಿಲ್ಲ.

ನನಗೆ ಇದು ಆದದ್ದು ‘ತೂಕ’ದಲ್ಲೇ. ಮಿಲ್ಲೊಂದರಲ್ಲಿ ಚೀಲದ ಕಾಟಾ ಜೊತೆಗೆ ಲಾರಿ ಕಾಟಾವನ್ನೂ ಪ್ರೋಗ್ರಾಮಿಗೆ ಜೋಡಿಸಿದೆ. ಆ ಹೊತ್ತಿಗೆ ಪ್ರೋಟೋಕಾಲ್ ಬರೆದಿದ್ದೆ, ಮೈಪೈ ಕೂಡ ಹೂಂ ಎಂದಿತ್ತು. ಟ್ರ್ಯಾಕ್ಟರ್ ಬಂತು, ಕಾಟಾ ಮೇಲೆ ನಿಂತಿತು, ಪಟ್ಟಿ ಮುದ್ರಣವಾಯಿತು. ಗುಮಾಸ್ತರು ಚೀಟಿ ನೋಡಿ ಕನ್ನಡಕ ತೆಗೆದು ನನ್ನ ಮುಖ ನೋಡಿದರು: ‘ಏನ್ರಿ ಸರ, 6,790 ಕಿಲೋ ಅಂತ ಬಂದೈತಿ. ಟ್ರ್ಯಾಕ್ಟರ್ ಸೈತ ನಾವು ಖರೀದಿ ಮಾಡಾಕ ಹತ್ತೀವೇನ್ರಿ?’ ಚೀಲದ ಕಾಟಾ ಹೇಳುವುದು ಮಾಲಿನ ತೂಕ. ಲಾರಿ ಕಾಟಾ ಹೇಳುವುದು ಗಾಡಿ ಸಹಿತ ತೂಕ. ಖಾಲಿ ಟ್ರ್ಯಾಕ್ಟರ್, ಟ್ರೇಲರ್ ಎರಡೂ ಸೇರಿ 2,590 ಕಿಲೋ. ಕಳೆದರೆ ನಿವ್ವಳ 4,200, ಅಂದರೆ 75 ಕಿಲೋದ 56 ಚೀಲ. ನನ್ನ ಪ್ರೋಗ್ರಾಮ್ 90 ಚೀಲದ ದುಡ್ಡು ಲೆಕ್ಕ ಹಾಕಿತ್ತು. ಆ ಗುಮಾಸ್ತರು ನೋಡದಿದ್ದರೆ ಪಟ್ಟಿ ಹಾಗೇ ಹೋಗುತ್ತಿತ್ತು. ಇದೇ ತಪ್ಪು ಉಲ್ಟಾ ಆಗಿ, ರೈತನ ದುಡ್ಡಿಗೆ ಕತ್ತರಿ ಬಿದ್ದಿದ್ದರೆ ಎಂದು ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಇದೇ ಜಾತಿಯ ತಪ್ಪು ಒಂದು ಬಾಹ್ಯಾಕಾಶ ನೌಕೆಯನ್ನೇ ನುಂಗಿದೆ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ತಲುಪುವಾಗ ಕಳೆದುಹೋಯಿತು. ನೆಲದ ಮೇಲಿನ ಒಂದು ಸಾಫ್ಟ್‌ವೇರ್ ತಳ್ಳುಬಲದ ಲೆಕ್ಕವನ್ನು ಪೌಂಡ್ ಮಾನದಲ್ಲಿ ಕೊಡುತ್ತಿತ್ತು, ಅದನ್ನು ಬಳಸುವ ಕಡೆ ನ್ಯೂಟನ್ ಮಾನದ್ದು ಎಂದು ಓದಿಕೊಂಡರು. ಎರಡೂ ಬರಿಯ ಸಂಖ್ಯೆ. ಆಕಾರ ಮಾತ್ರ ನೋಡುವ ಯಾವ ತಪಾಸಣೆಯೂ ಅಲ್ಲಿ ತಪ್ಪು ಕಾಣಲಾರದು.

ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರ ತಮ್ಮ ಭಾಷಣದಲ್ಲಿ, ಆಮೇಲೆ 1994ರಲ್ಲಿ ಜೆನೆಟ್ ವಿಂಗ್ ಜೊತೆ ಬರೆದ ಪ್ರಬಂಧದಲ್ಲಿ ಒತ್ತಿ ಹೇಳಿದ್ದು ಇದನ್ನೇ. ಒಂದು ಟೈಪ್ ಇನ್ನೊಂದರ ಸಬ್‌ಟೈಪ್ ಆಗಲು ಮೆಥಡ್‌ಗಳ ಹೆಸರು, ಆಕಾರ ಹೊಂದಿದರೆ ಸಾಲದು. ಎರಡನೆಯದನ್ನು ನಂಬಿ ಬರೆದ ಪ್ರೋಗ್ರಾಮ್ ಮೊದಲನೆಯದರ ಜೊತೆಗೂ ಅದೇ ನಂಬಿಕೆಯಿಂದ ನಡೆಯಬೇಕು. ಈ ನಡತೆಯನ್ನು ಪೂರ್ತಿಯಾಗಿ ಪರೀಕ್ಷಿಸುವುದು ಸಾಮಾನ್ಯ ಕಂಪೈಲರ್‌ನ ಕೈಲಾಗದ ಕೆಲಸ. ನಾಮಿನಲ್ ಭಾಷೆಯೂ ಅದನ್ನು ಪರೀಕ್ಷಿಸುವುದಿಲ್ಲ. ಆದರೆ ಅಲ್ಲಿ ಕ್ಲಾಸ್ ಬರೆದವರು ಇಂಟರ್‌ಫೇಸ್‌ನ ಹೆಸರು ಬರೆಯುವಾಗ ‘ಇದರ ಅರ್ಥ ನನಗೆ ಗೊತ್ತು, ಒಪ್ಪಿದ್ದೇನೆ’ ಎಂದು ಸಹಿ ಹಾಕಿದಂತಾಗುತ್ತದೆ. ಎಪಿಎಂಸಿ ಲೈಸೆನ್ಸ್ ಇದ್ದ ಮಾತ್ರಕ್ಕೆ ಖರೀದಿದಾರ ಪ್ರಾಮಾಣಿಕ ಎಂದೇನಿಲ್ಲ, ಆದರೂ ನಾಳೆ ಜಗಳ ಬಂದರೆ ಹಿಡಿದು ಕೇಳಲು ಒಂದು ಹೆಸರಿರುತ್ತದೆ. ಅಷ್ಟರ ಮಟ್ಟಿಗೆ ಜಾವಾದವರ ಹಟದಲ್ಲಿ ಅರ್ಥವಿದೆ ಎಂದು ನಾನು ಒಪ್ಪಿದ್ದು ಆ 6,790ರ ಚೀಟಿಯ ನಂತರ.

ಹಾಗೆಂದು ಇಡೀ ಪ್ರೋಗ್ರಾಮನ್ನು ಹೆಸರಿನ ಮೇಲೆ ಕಟ್ಟುವ ಅಗತ್ಯ ನನಗೆ ಕಾಣಲಿಲ್ಲ. ಕಾಟಾ ಯಾವ ಕಂಪನಿಯದು ಎಂಬುದು ಈಗಲೂ ನನಗೆ ಬೇಡ, ಅಲ್ಲಿ ಆಕಾರ ಸಾಕು. ಹೆಸರು ಬೇಕಾದದ್ದು ಅದು ಕೊಡುವ ಸಂಖ್ಯೆಗೆ. ಸ್ಟ್ರಕ್ಚರಲ್ ಎನ್ನಿಸಿಕೊಳ್ಳುವ ಭಾಷೆಗಳೂ ಇದಕ್ಕೆ ದಾರಿ ಇಟ್ಟಿವೆ. ಗೋದಲ್ಲಿ ಕಿಲೋ, ಕ್ವಿಂಟಲ್ ಎಂದು ಎರಡು ಟೈಪ್ ಹೆಸರಿಸಿದರೆ, ಒಳಗೆ ಎರಡೂ ದಶಾಂಶ ಸಂಖ್ಯೆಯೇ ಆಗಿದ್ದರೂ ಒಂದಕ್ಕೊಂದು ಕೂಡಿಸಲು ಕಂಪೈಲರ್ ಬಿಡುವುದಿಲ್ಲ. ಇಂಟರ್‌ಫೇಸ್‌ಗೆ ಆಕಾರ, ಇಂಥ ಸಂಖ್ಯೆಗಳಿಗೆ ಹೆಸರು, ಎರಡೂ ಒಂದೇ ಭಾಷೆಯಲ್ಲಿ. ಪೈಥಾನ್‌ನಲ್ಲಿ ‘ನ್ಯೂಟೈಪ್’ ಇದೇ ಕೆಲಸಕ್ಕಿದೆ. ಟೈಪ್‌ಸ್ಕ್ರಿಪ್ಟ್‌ನಲ್ಲಿ ಇದಕ್ಕೆ ನೇರ ದಾರಿ ಇಲ್ಲ. ಟೈಪ್‌ಗೆ ಒಂದು ಸುಳ್ಳು ಗುರುತು ಅಂಟಿಸಿ ಆಕಾರವನ್ನೇ ಬೇರೆ ಮಾಡುತ್ತಾರೆ, ಒಂದೇ ಬಣ್ಣದ ಚೀಲಗಳಿಗೆ ಬೇರೆ ಬೇರೆ ದಾರದಲ್ಲಿ ಹೊಲಿಗೆ ಹಾಕಿದ ಹಾಗೆ.

ನಾನು ಮೂರು ಹೆಸರು ಇಟ್ಟೆ: ಗಾಡಿ ಸಹಿತ ತೂಕ, ಖಾಲಿ ಗಾಡಿ ತೂಕ, ನಿವ್ವಳ ತೂಕ. ಪಟ್ಟಿ ಮಾಡುವ ಭಾಗ ನಿವ್ವಳ ತೂಕವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದು ನಿವ್ವಳ ಹುಟ್ಟಿಸುವ ಫಂಕ್ಷನ್ ಒಂದೇ ಒಂದು ಇದೆ. ದರಕ್ಕೂ ಹೀಗೆಯೇ, ಕ್ವಿಂಟಲ್ ದರ ಬೇರೆ, 75 ಕಿಲೋ ಚೀಲದ ದರ ಬೇರೆ.

ಹೋದ ಸುಗ್ಗಿಯಲ್ಲಿ ಅದೇ ಮಿಲ್ಲಿಗೆ ಹೊಸ ಲಾರಿ ಕಾಟಾ ಬಂತು, ನಾನು ಹೆಸರೂ ಕೇಳಿರದ ಕಂಪನಿಯದು. ಅವರ ಲೈಬ್ರರಿಯಲ್ಲೂ ‘ತೂಕ’ ಇತ್ತು, ಬರಿಯ ಸಂಖ್ಯೆ ಕೊಡುತ್ತಿತ್ತು. ಜೋಡಿಸಿ ಮೈಪೈ ಓಡಿಸಿದೆ. ‘ಗಾಡಿ ಸಹಿತ ತೂಕ’ ಬೇಕಾದ ಕಡೆ ಬರಿಯ ಸಂಖ್ಯೆ ಬಂದಿದೆ ಎಂದು ತಡೆಯಿತು. ಗುಮಾಸ್ತರ ಹತ್ತಿರ ಹೋಗಿ, ಈ ಕಾಟಾ ಯಾವ ತೂಕ ಹೇಳುತ್ತದೆ, ಗಾಡಿ ಕಳೆದದ್ದೋ ಕಳೆಯದ್ದೋ ಎಂದು ಕೇಳಿದೆ. ‘ತಡೀರಿ’ ಎಂದು ಅವರು ಎದ್ದು, ಅಂಗಳದಲ್ಲಿದ್ದ ಖಾಲಿ ಟ್ರ್ಯಾಕ್ಟರನ್ನು ಕಾಟಾ ಮೇಲೆ ಹತ್ತಿಸಲು ಡ್ರೈವರನ್ನು ಕರೆದರು.